‘ಬರ್ತೀನಿ’ ಅನ್ನಬಾರದ ಮನೆ

ನಮ್ಮ ಮಾವನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಹಾಗಂತ ಅವನೇನು ನ್ಯಾಯಾಧೀಶನಲ್ಲ, ಪೊಲೀಸೂ ಅಲ್ಲ. ಅಮ್ಮನ ತಮ್ಮ, ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಕಾಯಿ ಹರಾಜು ಕೂಗುತ್ತಿದ್ದವನು. ಆ ಕಾಲದಲ್ಲಿ ಅವನ ಬಾಯಿಂದ ನಿಜ ಹೊರಡುತ್ತಿದ್ದದ್ದು ಆಕಳಿಸುವಾಗ ಮಾತ್ರ ಎಂದು ಜನ ಆಡಿಕೊಳ್ಳುತ್ತಿದ್ದರು. ಹುಳಿ ತೋತಾಪುರಿಯನ್ನು ಸಕ್ಕರೆ ಎಂದು ನಂಬಿಸಿ ಆಂಧ್ರದ ಲಾರಿಗಳಿಗೆ ಹತ್ತಿಸಿದ ಮಹಾನುಭಾವ ಅವನು. ಒಂದು ದಿನ ಗೌನಿಪಲ್ಲಿ ರಸ್ತೆಯಲ್ಲಿ ಹೆಲ್ಮೆಟ್ಟನ್ನು ಗಾಡಿಯ ಕನ್ನಡಿಗೆ ನೇತುಹಾಕಿಕೊಂಡು ಹೋಗುತ್ತಿದ್ದಾಗ ಟ್ರ್ಯಾಕ್ಟರ್ ಅಡ್ಡ ಬಂತು. ಕನ್ನಡಿಗೆ ಏನೂ ಆಗಲಿಲ್ಲ. ಮಾವನ ತಲೆ ಒಡೆಯಿತು.

ಆಪರೇಷನ್ ಆಯಿತು, ಫಿಟ್ಸ್ ಅಂಟಿಕೊಂಡರೂ ಪ್ರಾಣ ಉಳಿಯಿತು. ನಡೆದಾಡಿದ, ಮಾತೂ ಆಡಿದ. ಆದರೆ ಮನೆಗೆ ಬಂದವನು ಬೇರೆ ಯಾರೋ ಆಗಿದ್ದ. ಡಾಕ್ಟರು ಬಹಳ ಹೊತ್ತು ವಿವರಿಸಿದರು. ನಮಗೆ ತಿಳಿದದ್ದು ಇಷ್ಟೇ: ಯಾರು ಏನಂದರೂ ಅವನಿಗೆ ಅಷ್ಟೇ ಕೇಳುತ್ತದೆ, ಅದರ ಹಿಂದಿನದು ಕೇಳುವುದಿಲ್ಲ. ನೋಡಲು ಬಂದ ನೆಂಟರ ಮುಂದೆ ಅತ್ತೆ ಉಪ್ಪಿಟ್ಟಿನ ತಟ್ಟೆ ಇಟ್ಟರೆ ಅವರು ಪದ್ಧತಿಯಂತೆ, “ಅಯ್ಯೋ ಬೇಡಮ್ಮ, ಈಗ ತಾನೇ ಆಯ್ತು” ಎಂದರು. ನಮ್ಮ ಕಡೆ ಬೇಡ ಅಂದವರಿಗೆ ಮತ್ತೆ ಮತ್ತೆ ಬಲವಂತ ಮಾಡದಿದ್ದರೆ ಮರ್ಯಾದೆಯೇ ಅಲ್ಲ ತಾನೇ? ಮಾವ ತಟ್ಟೆಯನ್ನು ಎಳೆದುಕೊಂಡು ತಾನೇ ತಿಂದು ಮುಗಿಸಿದ. “ಬೇಡ ಅಂದ್ರಲ್ಲ!” ಮೊದಮೊದಲು ನಾವು ನಕ್ಕೆವು. ಆಮೇಲೆ ನೆಂಟರು ಬರುವುದು ನಿಂತಿತು, ಮಂಡಿಯವರು ಕರೆಯುವುದೂ ನಿಂತಿತು.

ಇದೆಲ್ಲ ಸಹಿಸಬಹುದಿತ್ತು. ‘ಬರ್ತೀನಿ’ ಒಂದನ್ನು ಸಹಿಸಲಾಗಲಿಲ್ಲ.

ನಾವು ಎಲ್ಲಿಂದಾದರೂ ಎದ್ದು ಹೊರಡುವಾಗ ‘ಹೋಗ್ತೀನಿ’ ಎನ್ನುತ್ತೇವೆಯೇ? ನಾಲಿಗೆ ಸುಟ್ಟೀತು! ಹೋಗುವುದು ಎಂದರೆ ಒಂದೇ ಸಲ ಹೋಗುವುದು. ಕನ್ನಡದವರು ‘ಬರ್ತೀನಿ’ ಎನ್ನುತ್ತಾರೆ, ತೆಲುಗಿನವರು ‘ಪೋಯೊಸ್ತಾ’ ಎನ್ನುತ್ತಾರೆ, ಸಾಬರ ಬೀದಿಯಲ್ಲಿ ‘ಜಾಕೋ ಆತೂಂ’. ಮೂರು ಭಾಷೆಯಲ್ಲೂ ಒಂದೇ ಸುಳ್ಳು. ಮಾವನಿಗೆ ಮೂರೂ ಬರುತ್ತವೆ, ಮೂರನ್ನೂ ನಂಬುತ್ತಾನೆ. ‘ಬರ್ತೀನಿ’ ಎಂದು ಹೇಳಿ ಹೋದವರು ಬರುವ ತನಕ ಬಾಗಿಲಲ್ಲಿ ಕೂರುತ್ತಾನೆ, ಒಂದು ತುತ್ತೂ ಮುಟ್ಟುವುದಿಲ್ಲ. ಹೊಟ್ಟೆಗೆ ಬೀಳದಿದ್ದರೆ ಫಿಟ್ಸ್ ಮಾತ್ರೆ ಇಲ್ಲ, ಮಾತ್ರೆ ಇಲ್ಲದಿದ್ದರೆ ಫಿಟ್ಸ್ ತಪ್ಪುವುದಿಲ್ಲ. ಹಾಲಿನವನ ‘ಬರ್ತೀನಿ’ಯಿಂದಲೇ ಒಮ್ಮೆ ಆಸ್ಪತ್ರೆ ಸೇರಿದ್ದ.

ಅತ್ತೆ ಮಾತ್ರ ಅವನನ್ನು ಸರಿಯಾಗಿ ಅರ್ಥಮಾಡಿಕೊಂಡಿದ್ದಳು. ಅವನನ್ನು ಬಿಟ್ಟು ತವರಿಗೆ ಹೊರಟ ದಿನ ಏನನ್ನೂ ಹೇಳದೆ ಹೋದಳು. ಅವನು ಕಾಯಲೂ ಇಲ್ಲ, ಅವಳ ಹೆಸರೂ ಎತ್ತಲಿಲ್ಲ. ಅವಳನ್ನು ಬೈಯುವ ಬಾಯಿ ನನಗೂ ಇಲ್ಲ.

ಆಗ ಸಿಕ್ಕಿದ್ದು ಸುಗಟೂರಿನ ಹತ್ತಿರದ ಮನೆ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆ ಅದು. ಮುಮ್ತಾಜಮ್ಮ ಎಂಬುವರು ಅಲ್ಲಿ ತಲೆಗೆ ಪೆಟ್ಟಾದವರನ್ನು ಇಟ್ಟುಕೊಂಡಿದ್ದರು. ಅವರ ಯಜಮಾನರೇ ಕಟ್ಟಡದ ಮೇಲಿಂದ ಬಿದ್ದು ಹಾಗಾದವರು. “ಆಸ್ಪತ್ರೆಯೋರು ಹುಷಾರಾದ್ರು ಕರ್ಕೊಂಡೋಗಿ ಅಂತಾರೆ, ಮನೆಯೋರು ಇವ್ರು ನಮ್ಮೋರೇ ಅಲ್ಲ ಅಂತಾರೆ. ಮಧ್ಯದಲ್ಲಿ ಇವ್ರು ಎಲ್ಲಿರ್ಬೇಕು ಹೇಳಿ?” ಎಂದರು. ಅಲ್ಲಿರುವವರೇ ಕಾಯಿಪಲ್ಯ ಬೆಳೆಯುತ್ತಾರೆ, ಹಸು ನೋಡಿಕೊಳ್ಳುತ್ತಾರೆ, ಅಡಿಗೆ ಮಾಡುತ್ತಾರೆ. ಸಾರಿಗೆ ಉಪ್ಪು ಹಾಕಿದ್ದನ್ನು ಒಬ್ಬ ಮರೆತು ಮತ್ತೆ ಹಾಕುತ್ತಾನೆ, ಅದನ್ನು ನೋಡಿದ್ದವನೂ ಮರೆತು ಇನ್ನಷ್ಟು ಹಾಕುತ್ತಾನೆ. ಬಹಳ ನೀರು ಕುಡಿಯುವ ಮನೆ. ಆದರೆ ಅಲ್ಲಿ ಯಾರೂ ಯಾರನ್ನೂ ‘ಮೊದಲು ಹೀಗಿರಲಿಲ್ಲ’ ಎಂದು ನೋಡುವುದಿಲ್ಲ.

ಮಾವನ ವಿಷಯ ಕೇಳಿ ಮುಮ್ತಾಜಮ್ಮ ಒಂದೇ ಷರತ್ತು ಹಾಕಿದರು. ಊಟ ಮಾಡಿದರೆ ಇರಬಹುದು, ಉಪವಾಸ ಕೂತು ಫಿಟ್ಸ್ ತರಿಸಿಕೊಂಡರೆ ಇಟ್ಟುಕೊಳ್ಳುವ ಶಕ್ತಿ ತಮಗಿಲ್ಲ. ಅವನಿಗೆ ಬೇರೆ ಜಾಗವೇ ಇರಲಿಲ್ಲ. ಅದಕ್ಕೇ ಗೇಟಿಗೆ ಬೋರ್ಡು ಬಿತ್ತು: ‘ಇಲ್ಲಿ ಬರ್ತೀನಿ ಅನ್ನಬಾರದು’. ಗ್ಯಾಸಿನವನು, ಕರೆಂಟಿನವನು, ಎಲ್ಲರೂ ‘ಹೋಗ್ತೀನಿ’ ಕಲಿತರು.

ಕಲಿಯದವನು ಒಬ್ಬ ಮರಿ ಪುಢಾರಿ. ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು, “ನೀರಿನ ಟ್ಯಾಂಕ್ ಬರುತ್ತೆ, ನಾನೂ ಮತ್ತೆ ಬರ್ತೀನಿ” ಎಂದು ಕೈಮುಗಿದು ಹೋದ. ಮಾವ ಗೇಟಿನ ಕಲ್ಲುಹಾಸಿನ ಮೇಲೆ ಕೂತ. ಮಾರನೆಯ ದಿನ ಮುಮ್ತಾಜಮ್ಮ ಫೋನ್ ಮಾಡಿ, “ಸಾರ್, ನೀವು ಹೋದಾಗಿಂದ ಒಬ್ರು ಗೇಟಲ್ಲಿ ಉಪವಾಸ ಕೂತವ್ರೆ” ಎಂದರು. ಸತ್ಯಾಗ್ರಹ ಎಂದುಕೊಂಡ ಪುಢಾರಿ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದ! ಮಾವ ಅವನ ಮುಖ ನೋಡಿ, “ಬಂದ್ರಲ್ಲ” ಎಂದು ಎದ್ದು ಮುದ್ದೆ ಉಣ್ಣಲು ಒಳಗೆ ಹೋದ. ಟ್ಯಾಂಕ್ ಮಾತ್ರ ಇನ್ನೂ ಬಂದಿಲ್ಲ. ಪುಣ್ಯಕ್ಕೆ ಮಾವ ಮನುಷ್ಯರಿಗಷ್ಟೇ ಕಾಯುತ್ತಾನೆ.

ನಿಜವಾದ ಕಷ್ಟ ನಮ್ಮಮ್ಮನದು. ಪ್ರತಿ ಭಾನುವಾರ ಬಸ್ಸಿನಲ್ಲಿ ತಮ್ಮನನ್ನು ನೋಡಲು ಹೋಗುತ್ತಿದ್ದಳು. ಆ ಒಂದು ಮಾತು ಅವಳ ಬಾಯಿಂದ ಹೊರಡದು.

“ಒಡಹುಟ್ಟಿದೋನ ಮುಂದೆ ಹೋಗ್ತೀನಿ ಅನ್ಲಾ? ಅಪಶಕುನ ಕಣಮ್ಮ!”

“ಅನ್ನದಿದ್ರೆ ನಿಮ್ ತಮ್ಮ ಉಪವಾಸ ಅಕ್ಕಾ. ಆಮೇಲೆ ನೀವೇ ಕರ್ಕೊಂಡೋಗ್ಬೇಕಾಗುತ್ತೆ” ಎಂದರು ಮುಮ್ತಾಜಮ್ಮ.

“ಭಾನುವಾರ ಬರ್ತೀನಿ ಅಂದ್ರೆ?”

ಅದನ್ನೂ ಮಾಡಿ ನೋಡಿದೆವು. ಮಾವ ಅಲ್ಲಿದ್ದವರನ್ನೆಲ್ಲ, “ಇವತ್ತು ಭಾನುವಾರಾನಾ?” ಎಂದು ಕೇಳುತ್ತಾ ಬಂದ. ವಾರದ ಲೆಕ್ಕ ತಪ್ಪಿದ ಆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ವಾರ ಹೇಳಿದರು. ಮುಮ್ತಾಜಮ್ಮನ ಯಜಮಾನರು ಏನು ಕೇಳಿದರೂ ‘ಹೌದು’ ಎನ್ನುವವರು. ಮಾವ ಓಡಿ ಹೋಗಿ ಗೇಟಿನಲ್ಲಿ ಕೂತ. ಆ ಸಲ ಫಿಟ್ಸ್ ಬಂದೇ ಬಂತು.

ಅಮ್ಮ ಸೋತಳು. ಮುಂದಿನ ಭಾನುವಾರ ಗೇಟಿನಲ್ಲಿ ನಿಂತು, ಅವನ ದೃಷ್ಟಿ ತೆಗೆದು ನೆಟಿಕೆ ಮುರಿದು, “ಹೋಗ್ತೀನಿ ಕಣೋ” ಎಂದಳು. “ಹೂಂ” ಎಂದು ಮಾವ ಊಟಕ್ಕೆ ನಡೆದ. ಬಸ್ಸು ಸುಗಟೂರು ದಾಟಿದ ಮೇಲೆ ಅಮ್ಮ ಕಿಟಕಿಯಿಂದ ಹೊರಗೆ ಮುಖ ಹಾಕಿ, “ಪೋಯೊಸ್ತಾ ನಾಯ್ನಾ, ಪೋಯೊಸ್ತಾ” ಎಂದು ಹೇಳಿಕೊಂಡಳು. ಅಂದಿನಿಂದ ಪ್ರತಿ ವಾರ ಇದೇ. ಕಂಡಕ್ಟರ್ ಒಮ್ಮೆ, “ಯಾರ್ಗಮ್ಮ ಹೇಳ್ತಿದೀಯ, ಹೊಲ್ದಲ್ಲಿ ಯಾರೂ ಇಲ್ವಲ್ಲ!” ಎಂದ. “ದೇವ್ರಿಗೆ. ನೀನು ಟಿಕೆಟ್ ಕೊಡು” ಎಂದು ಅಮ್ಮ ಗದರಿಸಿದಳಂತೆ.

ಈ ಮಾವಿನ ಸುಗ್ಗಿಯಲ್ಲಿ ಅಮ್ಮ ತೀರಿಕೊಂಡಳು. ಎದೆನೋವು ಎಂದು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಒಳಗೆ ತಳ್ಳಿಕೊಂಡು ಹೋಗುವಾಗ ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು, ಅಷ್ಟೇ. ಮುಂದಿನ ಕೆಲಸಗಳನ್ನೆಲ್ಲ ನಾನು ಕಲ್ಲಿನಂತೆ ಮಾಡಿ ಮುಗಿಸಿದೆ. ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದರು.

ಕಾರ್ಯ ಮುಗಿದ ಮೇಲೆ ಮಾವನಿಗೆ ತಿಳಿಸಲು ಹೋದೆ. ಅವನು ಕಲ್ಲುಹಾಸಿನ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ. ಅವನ ಹತ್ತಿರ ಸುತ್ತಿ ಬಳಸಿ ಹೇಳುವಂತಿಲ್ಲ.

“ಮಾವ, ಅಮ್ಮ ಸತ್ತೋದ್ಳು.”

ಅವನು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮೊರಕ್ಕೆ ಹಾಕಿದ. “ಹೌದು. ಹೋಗ್ತೀನಿ ಅಂದಿದ್ಳು” ಎಂದ. ಎದ್ದು ಒಳಗೆ ಹೊರಟವನು ಏನೋ ಹೊಳೆದಂತೆ ನಿಂತು ತಿರುಗಿದ.

“ನಿಂಗೇನಂದ್ಳು?”

ನನಗೆ ಸುಳ್ಳು ಹೇಳಲಾಗಲಿಲ್ಲ. “ಬರ್ತೀನಿ ಕಣೋ, ಅಂದ್ಳು.”

ಮಾವ ವಾಪಸ್ಸು ಬಂದ. ಹುರುಳಿಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಕಲ್ಲುಹಾಸನ್ನು ಕೈಯಿಂದ ಒರೆಸಿದ.

“ಹಂಗಾದ್ರೆ ಕೂತ್ಕೋ ಅಳಿಯ.”

ಕೂತೆ. ಅವನು ಒಳಗೆ ಹೋಗಿ ಮುದ್ದೆ ಉಂಡು, ಮಾತ್ರೆ ನುಂಗಿ, ನನಗೆ ಏನನ್ನೂ ತರದೆ ಹಿಂದಿರುಗಿದ. ಕಾಯುವವನು ಉಣ್ಣುವುದುಂಟೇ? ನನ್ನ ಪಕ್ಕದಲ್ಲಿ ಕೂತು, ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನನ್ನ ಜೊತೆ ರಸ್ತೆ ನೋಡತೊಡಗಿದ. ಅಮ್ಮ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಅಲ್ಲಿ.