ತವರಿನ ಭರಣಿಯೊಳಗೆ ಸನ್ಯಾಸಿ ಏಡಿ

ಕಾಣದ ಪ್ರಾಣಿಯ ಬಗ್ಗೆ ಪಾಠ ಮಾಡುವುದು ಸುಲಭ. ಅದು ಮನೆಗೇ ಬಂದು ಪರೀಕ್ಷೆ ತೆಗೆದುಕೊಂಡಾಗ ಫಜೀತಿ. ಬಬಲೇಶ್ವರದ ಕಾಲೇಜಿನಲ್ಲಿ ಮೂವತ್ತು ವರ್ಷ ನಾನು ಸನ್ಯಾಸಿ ಏಡಿಯನ್ನು ಕಲಿಸಿದ್ದೇನೆ: ಸಮುದ್ರತೀರದಲ್ಲಿ ವಾಸ, ಮೆತ್ತನೆಯ ಹೊಟ್ಟೆ, ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಮನೆ, ಮೈ ಬೆಳೆದಂತೆ ಸ್ಥಳಾಂತರ. ಸಮುದ್ರವನ್ನು ಮಾತ್ರ ನೋಡಿರಲಿಲ್ಲ.

ಮೊನ್ನೆ ನನ್ನ ಹೆಂಡತಿ ಶಾಂತಾ ಗೋಕರ್ಣಕ್ಕೆ ಹೋಗಿ, ಒಂದು ಚೀಲ ಚಿಪ್ಪು, ಒಂದು ಕ್ಯಾನ್ ಸಮುದ್ರದ ನೀರು ತಂದಳು. ನಮ್ಮ ಕಡೆ ಯಾತ್ರೆಯ ನೀರೆಂದರೆ ತೀರ್ಥ. ಅದನ್ನು ಬೋಗುಣಿಗೆ ಸುರಿದು, ಚಿಪ್ಪುಗಳ ಜೊತೆಗೆ ತನ್ನ ತಾಯಿ ಕೊಟ್ಟ ಬೆಳ್ಳಿಯ ಕುಂಕುಮದ ಭರಣಿಯನ್ನೂ ಶುದ್ಧಿಗೆಂದು ನೆನೆಹಾಕಿದಳು. ಬೆಳಗಾಗುವುದರೊಳಗೆ ಭರಣಿಗೆ ಕಾಲು ಬಂದಿದ್ದವು. ಚೀಲದಲ್ಲಿ ಅಡಗಿ ಬಂದಿದ್ದ ಏಡಿಯೊಂದು ಇಕ್ಕಟ್ಟಾದ ಚಿಪ್ಪು ಬಿಟ್ಟು ಬೆಳ್ಳಿಯೊಳಗೆ ಸಂಸಾರ ಹೂಡಿತ್ತು.

"ಸಂಜಿಗೆ ಮಗಳ ಉಡಿ ತುಂಬೋದೈತಿ. ನಮ್ಮವ್ವನ ಭರಣಿ ಕುಂಕುಮ ಹಚ್ಚದ ನಾ ಉಡಿ ತುಂಬಾಂಗಿಲ್ಲ. ಹೊರಗ ತಗೀರಿ!" ಎಂದಳು ಶಾಂತಾ.

"ಎಳೆದರೆ ಎರಡು ತುಂಡಾದೀತು. ಅದಾಗಿಯೇ ಬಿಡಬೇಕು," ಎಂದೆ ಗಂಭೀರವಾಗಿ. ಚೀಲದ ಚಿಪ್ಪುಗಳನ್ನೆಲ್ಲ ಅದರ ಮುಂದೆ ಸಾಲಾಗಿ ಇಟ್ಟೆ. ಎಲ್ಲವೂ ಸಣ್ಣವು. ಏಡಿ ನನ್ನ ಕಡೆ ಕಣ್ಣೆತ್ತಿ, ಒಳಗೆ ಸರಿಯಿತು.

ನಮ್ಮ ಬಡಾವಣೆ ಜಲನಗರದಲ್ಲಿ ಸುದ್ದಿಗೆ ಸ್ಕೂಟರ್ ಬೇಡ. ಪಕ್ಕದ ಮನೆಯ ಹುಸೇನಬಿ ಬಂದು ಬಗ್ಗಿ ನೋಡಿದಳು. "ಸರ, ಟಿಕೋಟಾದಾಗ ನಮ್ಮ ದ್ರಾಕ್ಷಿ ತ್ವಾಟದಾಗ ಬಸವನಹುಳದ ಖಾಲಿ ಚಿಪ್ಪು ರಗಡ ಬಿದ್ದಾವ. ತರಸ್ಲೇನ್ರಿ?"

"ಇದು ಸಮುದ್ರದ ಜೀವಿ, ತಾಯಿ. ಒಣನೆಲದ ಚಿಪ್ಪನ್ನು ಅದು ಒಪ್ಪುವುದಿಲ್ಲ."

"ಮನಿ ಹುಡುಕಾವ ಕಟ್ಟಿದಾವ್ರ ಊರು ಕೇಳ್ತಾನೇನ್ರಿ?"

ಮೂರು ಗಂಟೆಗೆ ಅವಳ ಗಂಡ ದೊಡ್ಡದೊಂದು ಚಿಪ್ಪು ತಂದುಕೊಟ್ಟ. ಏಡಿ ಅದನ್ನು ಇಕ್ಕಳದಂಥ ಕಾಲಿನಿಂದ ತಟ್ಟಿತು, ಒಳಗೆ ಇಣುಕಿತು, ಬಾಡಿಗೆ ಮನೆ ನೋಡಲು ಬಂದವರು ನಳ ತಿರುವಿ ನೋಡುವಂತೆ ಎಲ್ಲ ಪರೀಕ್ಷಿಸಿ, ಕಣ್ಣು ಮಿಟುಕಿಸುವುದರೊಳಗೆ ಟಿಕೋಟಾದ ನಿವಾಸಿಯಾಯಿತು. ಹುಸೇನಬಿಯ ತಮ್ಮ ಅಂಕೋಲಾ ಕಡೆಗೆ ಲಾರಿ ಹೊಡೆಯುವವನು. ತೀರ್ಥದ ಸಮೇತ ಅದನ್ನು ಸಮುದ್ರಕ್ಕೆ ಬಿಡಲು ಸಂಜೆಯೇ ಒಯ್ದ.

ಶಾಂತಾ ಭರಣಿ ತೊಳೆದು ಕುಂಕುಮ ತುಂಬಿದಳು. ನಾನು ಎದೆಯುಬ್ಬಿಸಿ, "ಅಂತೂ ನಿನ್ನ ತವರಿನ ಆಸ್ತಿಯಿಂದ ಅತಿಕ್ರಮಣ ತೆರವಾಯಿತು," ಎಂದೆ.

"ಒಂದು ತೆರವಾತು," ಎಂದಳು, ತಲೆ ಎತ್ತದೆ. "ಈ ಮನಿನೂ ನಮ್ಮಪ್ಪ ಕೊಟ್ಟದ್ದು. ಇದರೊಳಗ ಹೊಕ್ಕಾವ್ರು ಮೂವತ್ತೈದು ವರ್ಷಾತು, ಅಳ್ಳಾಡಿಲ್ಲ."

ಹುಸೇನಬಿ ಸೆರಗು ಬಾಯಿಗೆ ಹಿಡಿದುಕೊಂಡಳು. ನನ್ನ ಅಳತೆಯ ಚಿಪ್ಪು ಟಿಕೋಟಾದಲ್ಲೂ ಸಿಗದೆಂಬ ಭರವಸೆಯಿಂದ ನಾನು ಇನ್ನೊಂದು ಕಪ್ ಚಹಾ ಕೇಳಿದೆ.