ಗಂಗವ್ವನ ನಳಕ್ಕೆ ನಾನು ಕೊಟ್ಟ ನೆರವು

ಮೂವತ್ತು ವರ್ಷ ಪುಣೆಯ ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವನಿಗೆ ಒಂದು ಅರ್ಜಿ ಬರೆಯುವುದು ಯಾವ ಮಹಾ ಕೆಲಸ? ಹಾಗೆಂದು ನಾನು ತಿಳಿದಿದ್ದೆ.

ಸದಾಶಿವ ಪೇಠದ ನಮ್ಮ ಮನೆಗೆ ಚಪಾತಿ ಮಾಡಲು ಬರುವ, ನಮ್ಮಂತೆಯೇ ಕನ್ನಡದವಳಾದ ಗಂಗವ್ವ ಒಂದು ದಿನ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಹಿಂದಿನ ಗಲ್ಲಿಯಲ್ಲಿ ಹಲವು ಬಾಡಿಗೆದಾರರಿರುವ ಹಳೆಯ ವಾಡೆಯಲ್ಲಿ ಅವಳದೊಂದು ಒಂಟಿ ಕೋಣೆಯ ಖೋಲಿ. ವಾಡೆ ಕೆಡವಿ ಫ್ಲ್ಯಾಟ್ ಕಟ್ಟುವ ಆಸೆಗೆ ಮಾಲೀಕ ಅವಳ ನೀರಿನ ನಳವನ್ನೇ ಕಡಿಸಿ ಹಾಕಿದ್ದ.

"ಖೋಲಿ ಬಿಡು ಅಂತಾನ್ರಿ ಸಾಹೇಬ್ರ. ನಾ ಬಿಡಂಗಿಲ್ಲ. ಆದ್ರ ವಕೀಲರನ್ನ ಎಲ್ಲಿಂದ ತರ್ಲಿ?"

"ಬಡವರಿಗೆ ಸರಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರ. ಎಲ್ಲಾ ನನಗ ಬಿಡು!" ಎಂದು ಎದೆ ತಟ್ಟಿಕೊಂಡೆ.

"ಈಗ ನನಗ ಖರೇ ಹೆದರಿಕಿ ಆಗಾಕತ್ತದ," ಎಂದಳು ಒಳಗಿನಿಂದ ಹೆಂಡತಿ ಸುಮಿತ್ರಾ.

ಮೊದಲು ಆದಾಯದ ದಾಖಲೆ ಬೇಕೆಂದು ನಾನೇ ತೀರ್ಮಾನಿಸಿ, ಗಂಗವ್ವನನ್ನು ನಾಲ್ಕು ದಿನ ಕಚೇರಿಯಿಂದ ಕಚೇರಿಗೆ ಅಲೆಸಿದೆ. ನಾಲ್ಕೂ ದಿನ ನಮ್ಮ ಮನೆಯಲ್ಲಿ ಚಪಾತಿಯಿಲ್ಲ! ಐದನೆಯ ದಿನ ಕೋರ್ಟಿನ ಕಾನೂನು ನೆರವಿನ ಕಚೇರಿಗೆ ಹೋದರೆ, ಅಲ್ಲಿನ ಗುಮಾಸ್ತ ಆ ದಾಖಲೆಯನ್ನು ಮುಟ್ಟಲೂ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆಯಂತೆ!

ಸೋಲೊಪ್ಪುವ ಮನುಷ್ಯ ನಾನಲ್ಲ. ಗಂಗವ್ವನಿಗೆ ಓದು ಬರಹ ಬಾರದು, ಅವಳ ಪರವಾಗಿ ಫಾರ್ಮಿನಲ್ಲಿ ಗಂಭೀರ ಮರಾಠಿಯಲ್ಲಿ ಬರೆದೆ: "ಯಜಮಾನರು ನಳ ಕಡಿಸಿ ನನ್ನನ್ನು ಮನೆಯಿಂದ ಹೊರಹಾಕುತ್ತಿದ್ದಾರೆ." ಅವಳು ಹೆಬ್ಬೆಟ್ಟು ಒತ್ತಿದಳು.

ಅರ್ಧ ಗಂಟೆಯ ನಂತರ ಒಳಗೆ ಕರೆದರು. ಅಲ್ಲಿದ್ದ ವಕೀಲೆ ಅರ್ಜಿ ನೋಡಿದರು, ಆಮೇಲೆ ಗಂಗವ್ವನ ಪಕ್ಕದಲ್ಲಿ ಕುಳಿತ ನನ್ನನ್ನು ನೋಡಿದರು.

"ಕಾಕಾ, ಲಾಜ್ ನಾಹೀ ವಾಟತ್?" ಎಂದು ಗುಡುಗಿದರು. ಈ ವಯಸ್ಸಿನಲ್ಲಿ ಕಟ್ಟಿಕೊಂಡವಳಿಗೆ ನೀರು ಬಂದ್ ಮಾಡಲು ನಾಚಿಕೆಯಾಗುವುದಿಲ್ಲವೇ ಎಂಬುದು ಅದರ ಸಾರಾಂಶ.

ಆಗ ಹೊಳೆಯಿತು. ಕನ್ನಡದಲ್ಲಿ ಮನೆಯ ಮಾಲೀಕನೂ ಯಜಮಾನ, ಗಂಡನೂ ಯಜಮಾನ. ಅದೇ ಪದವನ್ನು ನಾನು ಮರಾಠಿಯಲ್ಲೂ ಬರೆದಿದ್ದೆ; ಮರಾಠಿಯಲ್ಲಿ ಹೆಂಗಸೊಬ್ಬಳು 'ಯಜಮಾನ' ಎಂದರೆ ಅದು ಗಂಡನೇ!

"ನಾನು ಇವಳ ಗಂಡ ಅಲ್ಲ! ನನ್ನ ಹೆಂಡತಿ ಮನೆಯಲ್ಲಿದ್ದಾಳೆ!" ಎಂದು ಮರಾಠಿಯಲ್ಲಿ ತೊದಲಿದೆ.

"ಅಂದರೆ ಇನ್ನೊಬ್ಬಳೂ ಇದ್ದಾಳೆ?"

ಇನ್ನು ಭೂಮಿಯೇ ಬಾಯಿ ತೆರೆಯಬೇಕು ಎನ್ನುವಾಗ ಗಂಗವ್ವ ಎದ್ದು ನಿಂತಳು. "ನೀವು ಸುಮ್ಕಿರ್ರಿ ಸಾಹೇಬ್ರ," ಎಂದವಳೇ ಹರಳು ಹುರಿದಂತೆ ಮರಾಠಿಯಲ್ಲಿ ಶುರು ಮಾಡಿದಳು. ಗಂಡ ತೀರಿಕೊಂಡದ್ದು, ಇಪ್ಪತ್ತು ವರ್ಷ ಆ ಖೋಲಿಯಲ್ಲಿದ್ದದ್ದು, ಈಗ ಬೀದಿಯ ಕೊನೆಯಿಂದ ಕೊಡ ಹೊರುತ್ತಿರುವುದು, ಎಲ್ಲವೂ ಐದೇ ನಿಮಿಷದಲ್ಲಿ ಮುಗಿಯಿತು. ಕೊನೆಗೆ ಚೀಲದಿಂದ ಬಾಡಿಗೆ ಪಾವತಿ ಚೀಟಿಗಳ ದೊಡ್ಡ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ವಕೀಲೆಯ ಮುಖ ಅರಳಿತು.

"ಇದನ್ನ ಮೊದಲ ಯಾಕ ತೋರಿಸ್ಲಿಲ್ಲ?" ಎಂದೆ.

"ನಾಕ್ ದಿನದಿಂದ ಚೀಲದಾಗ ಅದಾವ್ರಿ. ನೀವು ಎಲ್ಲಿ ಕೇಳಿದ್ರಿ?"

ಆ ವಕೀಲೆಯೇ ದಾವೆ ಹಾಕಿದರು. ವಿಚಾರಣೆಯ ದಿನ ಹಟ ಹಿಡಿದು ನಾನೂ ಹೋದೆ. ಗಂಗವ್ವ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ತುಸು ಹೊತ್ತಿಗೆ ನಗುತ್ತಾ ಹೊರಬಂದಳು. ದಾವೆ ಮುಗಿಯುವವರೆಗೆ ಖೋಲಿ ಖಾಲಿ ಮಾಡಿಸುವಂತಿಲ್ಲ, ನಳವನ್ನು ಕೂಡಲೇ ಜೋಡಿಸಬೇಕು ಎಂದು ಆದೇಶವಾಗಿತ್ತು.

"ನನ್ನಿಂದ ಒಂದೀಟರ ಉಪಯೋಗ ಆತೇನವಾ?" ಎಂದು ಆಸೆಯಿಂದ ಕೇಳಿದೆ.

"ಭಾಳ ಆತ್ರಿ ಸಾಹೇಬ್ರ," ಎಂದಳು ಕೈಮುಗಿದು. "ಇವತ್ತ ನೀವು ಒಳಗ ಬರ್ಲಿಲ್ಲಲ್ಲರಿ!"