ಕಿರ್ ಅಂದ ಮೇಲೆ ಇನ್ನೊಂದು ಸುತ್ತು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಪಂಪ್‌ಸೆಟ್ಟಿನಿಂದ ಹಿಡಿದು ಕಂಪ್ಯೂಟರಿನವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುವ ಶ್ರೀಮಾನ್ ಅಮರೇಶ ಅವರ ಘನ ಸನ್ನಿಧಿಗೆ, ನವನಗರದಿಂದ ನಿವೃತ್ತ ವಿಜ್ಞಾನ ಮಾಸ್ತರನ ಸಾವಿರ ವಂದನೆಗಳು.

ಮಾನ್ಯರೇ,

ಎದ್ದು ನಿಂತು ಕೈಮುಗಿಯಬೇಕಿತ್ತು. ಸೊಂಟದ ಎಲುಬು ಮುರಿದು ಎರಡು ತಿಂಗಳಿಂದ ಅಂಗಾತ ಬಿದ್ದಿರುವುದರಿಂದ ಮಲಗಿದಲ್ಲಿಂದಲೇ ಮುಗಿದಿದ್ದೇನೆ, ಕ್ಷಮಿಸಬೇಕು. ಇದೇ ಎಲುಬಿನ ದೆಸೆಯಿಂದ ಮಗಳು ಜೆಸ್ಲಿನ್‌ಳ ಮದುವೆಗೆ ಚರ್ಚಿಗೆ ಹೋಗುವುದು ನನ್ನಿಂದಾಗದೆ, ಚರ್ಚಿನ ಕಂಪ್ಯೂಟರಿನಿಂದ ನೇರ ಪ್ರಸಾರ ಮಾಡುವುದು, ನಾನು ಮನೆಯ ಟಿವಿಯಲ್ಲಿ ನೋಡುವುದು ಎಂದು ನಿಶ್ಚಯವಾಗಿತ್ತು. ಆ ಕಂಪ್ಯೂಟರಿನ ಫ್ಯಾನು ಪಾದ್ರಿಗಳ ಪ್ರಸಂಗದ ನಡುವೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದ್ದುದರಿಂದ, ಫ್ಯಾನು ಸಮೇತ ಹೊಸ ಹೀಟ್‌ಸಿಂಕ್ ಕೊಂಡು ನನ್ನ ತಮ್ಮನ ಮಗ ಗಿಡಿಯನ್ ಕೈಯಲ್ಲಿ ತಮ್ಮ ಅಂಗಡಿಗೆ ಕಳಿಸಿದವನೂ ನಾನೇ. ತಪ್ಪು ಅಲ್ಲಿಂದಲೇ ಶುರುವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಪ್ರೊಸೆಸರ್ ಎಂಬುದು ಕಂಪ್ಯೂಟರಿನ ಮೆದುಳು, ಉಗುರಿನಗಲದ ನಾಜೂಕಾದ ಬಿಲ್ಲೆ. ಅದರ ಕಾವನ್ನು ಹೀರುವ ಲೋಹದ ಗಟ್ಟಿಯೇ ಹೀಟ್‌ಸಿಂಕ್. ಗಟ್ಟಿಯ ಭಾರ ಬಿಲ್ಲೆಯ ಅಂಚಿನ ಮೇಲೆ ಬೀಳದಿರಲೆಂದು ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ತುಂಡು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಇಷ್ಟನ್ನೂ ಡಬ್ಬಿಯೊಳಗಿನ ಚೀಟಿಯಲ್ಲಿ ಓದು ಬಾರದವರಿಗೂ ತಿಳಿಯುವಂತೆ ಚಿತ್ರ ಬರೆದು ತೋರಿಸಿದ್ದರು. ತಾವು ಆ ಚೀಟಿಯನ್ನು ಮಡಚಿ ಅಲುಗಾಡುತ್ತಿದ್ದ ಟೇಬಲ್ಲಿನ ಕಾಲಿಗೆ ಕೊಟ್ಟಿರಂತೆ. ಟೇಬಲ್ಲಾದರೂ ನೆಟ್ಟಗೆ ನಿಂತಿತಲ್ಲ, ಸಂತೋಷ.

ರಬ್ಬರ್ ತುಂಡುಗಳನ್ನು ಪ್ಯಾಕಿಂಗ್ ಎಂದು ಬಗೆದು ಕಿತ್ತು, ಚೀಲದಲ್ಲಿ ಕಟ್ಟಿ, ಉಳಿದ ಸಾಮಾನೆಂದು ಒಂದೂ ಕಡಿಮೆಯಾಗದಂತೆ ವಾಪಸು ಕೊಟ್ಟ ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ಆಮೇಲೆ ಮೊದಲನೆಯ ಸ್ಕ್ರೂವನ್ನೇ ಪೂರ್ತಿ ಬಿಗಿಯುತ್ತಿದ್ದಾಗ ಗಿಡಿಯನ್ ಹೆದರಿ, ಸಾಕಲ್ಲವೇ ಎಂದು ಕೇಳಿದ್ದಕ್ಕೆ ತಾವು ದಯಪಾಲಿಸಿದ ಉತ್ತರವನ್ನು ಅವನು ನನಗೆ ಅಕ್ಷರಶಃ ಒಪ್ಪಿಸಿದ್ದಾನೆ: "ಇಪ್ಪತ್ತು ವರ್ಷ ಪಂಪ್‌ಸೆಟ್ ಬಿಗದೇನಿ ತಮ್ಮಾ. ಕಿರ್ ಅಂದ ಮ್ಯಾಲ ಇನ್ನೊಂದು ಸುತ್ತು ಕೊಡಬೇಕು, ಜನ್ಮದಾಗ ಸಡ್ಲ ಆಗಂಗಿಲ್ಲ." ಬಾವಿಯ ಪಂಪ್‌ಸೆಟ್ಟಿಗೂ ಉಗುರಿನಗಲದ ಬಿಲ್ಲೆಗೂ ಭೇದವೆಣಿಸದ ಇಂಥ ಸಮದೃಷ್ಟಿ ಸಂತರಿಗೂ ದುರ್ಲಭ. ಬಿಲ್ಲೆ ಕಿರ್ ಎಂದದ್ದು ಬಿಗಿಯಾಗಿ ಅಲ್ಲ, ಮೂಲೆ ಮುರಿದು. ಗಟ್ಟಿ ಒಂದು ಕಡೆ ಒತ್ತಿ ಇನ್ನೊಂದು ಕಡೆ ಎದ್ದು ಕುಳಿತಿತ್ತು. ತಾವು ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಅದನ್ನು ಓಡಿಸಿ ನೋಡಿ, ಛಲೋ ಐತಿ ಎಂದು ಕಳಿಸಿಕೊಟ್ಟಿರಿ.

ಮದುವೆಯ ಶನಿವಾರ ಪಕ್ಕದ ಮನೆಯ ಸಂಗವ್ವ ನನ್ನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತಿದ್ದಳು. ಜೆಸ್ಲಿನ್ ತನ್ನ ಸೋದರಮಾವನ ಕೈ ಹಿಡಿದು ಬಂದಳು. ಮದುವೆ ಮಾಡಿಸುವ ಸಭಾಪಾಲಕರು, ಇವಳನ್ನು ಹೆಂಡತಿಯಾಗಿ ಸ್ವೀಕರಿಸುವೆಯಾ ಎಂದು ಕೇಳಿದ್ದಕ್ಕೆ ವರ ಒಪ್ಪಿಗೆ ಹೇಳಿದ. ಅವರು ಇವಳ ಕಡೆ ತಿರುಗಿ ಕೇಳಿದರು, ಇವಳು ತಲೆಯೆತ್ತಿದಳು, ಅಷ್ಟರಲ್ಲಿ ಬಿಲ್ಲೆ ಕಾದು ಕಂಪ್ಯೂಟರ್ ಆರಿ, ನನ್ನ ಟಿವಿ ಕತ್ತಲಾಯಿತು. ಗಿಡಿಯನ್ ಮೊಬೈಲ್ ಹೊರತೆಗೆದು ನನಗೆ ಕರೆ ಮಾಡುವ ಹೊತ್ತಿಗೆ ಅಲ್ಲಿ ಎಲ್ಲರೂ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು.

"ಹ್ಞೂಂ ಅಂದ್ಲೇನ್ರಿ ಮಾಸ್ತರ, ನಮ್ಮ ಹುಡುಗಿ?" ಎಂದು ಸಂಗವ್ವ ಕೇಳಿದಳು. ಮೂವತ್ತೆರಡು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೆ ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಟವೆಲ್ಲು ಮುಖದ ಮೇಲೆ ಎಳೆದುಕೊಂಡು ಅತ್ತೆ, ಅಮರೇಶರೇ.

ಸಂಜೆ ಜೆಸ್ಲಿನ್ ಬಂದು ಮಂಚದ ಪಕ್ಕದಲ್ಲಿ ನಿಂತು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಆದರೆ ಅದನ್ನು ಹೇಳಿದ್ದು ನನ್ನ ಸಮಾಧಾನಕ್ಕೆ. ಚರ್ಚಿನಲ್ಲಿ ಹೇಳಿದ್ದು ಅವನಿಗೆ. ನನಗೆ ಕೇಳಬೇಕಾಗಿದ್ದದ್ದು ಅದು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಆ ಶನಿವಾರದ ಹನ್ನೊಂದೂ ಇಪ್ಪತ್ತರ ನಿಮಿಷವನ್ನು ಬಿಚ್ಚಿ, ಸರಿಯಾಗಿ ಕೂಡಿಸಿ, ನನ್ನ ಮನೆಗೆ ತಲುಪಿಸಬೇಕೆಂದು ವಿನಂತಿ. ಅದು ತಮ್ಮಂಥವರಿಗೂ ಅಸಾಧ್ಯವೆನಿಸಿದರೆ, ಅಂಗಡಿಯ ಬೋರ್ಡಿನಿಂದ ಕಂಪ್ಯೂಟರ್ ಎಂಬ ಒಂದು ಶಬ್ದವನ್ನು ಅಳಿಸಿದರೂ ಸಾಕು. ಪಂಪ್‌ಸೆಟ್ಟುಗಳು ತಮ್ಮ ಪ್ರೀತಿಯನ್ನು ಹೇಗೋ ತಡೆದುಕೊಳ್ಳುತ್ತವೆ.

ಸದ್ಯಕ್ಕೆ ಅಂಗಾತ ಮಲಗಿರುವ ತಮ್ಮ ವಿಶ್ವಾಸಿ,
ಜಾನ್ಸನ್ ಮಾಸ್ತರ
ನವನಗರ

ತಾ.ಕ.: ದೀಪಾವಳಿ ಮುಗಿದ ಮೇಲೆ ತಮ್ಮ ಮಗಳ ಲಗ್ನವೆಂದು ಗಿಡಿಯನ್ ಹೇಳಿದ. ಹುಡುಗಿಗೆ ಒಳ್ಳೆಯದಾಗಲಿ. ತಾವು ಮಾತ್ರ ಮುಂದಿನ ಸಾಲಿನಲ್ಲೇ ಕುಳಿತು ಕಣ್ಣಾರೆ ನೋಡಿರಿ. ಯಾವ ಕಂಪ್ಯೂಟರನ್ನೂ ನಂಬಬೇಡಿ, ಅದನ್ನು ತಾವೇ ಜೋಡಿಸಿದ್ದರಂತೂ.